ಹೈಸಾ ಅನ್ನುವ ಡಬ್ಬಿ

ಭೂಸನೂರಿನ ಖಂಡಪ್ಪ ಕಾಕಾ,

ಅಂದೋಲಾದ ಶಿವಗಂಗಾಳ ಶರಣು. ನಿಮ್ಮ ಅಭಿಮಾನಿಗಳ ವಾಟ್ಸಾಪ್ ಗ್ರೂಪಿನ ಅಡ್ಮಿನ್ ನಾನೇ. ನೀವು ನನ್ನ ನಂಬರ್ ಬ್ಲಾಕ್ ಮಾಡಿದ್ದೀರಿ, ಸರಿಯಾಗಿಯೇ ಮಾಡಿದ್ದೀರಿ. ಅದಕ್ಕೇ ಕಾಗದದ ಮೇಲೆ ಬರೆದು ಗುರಮ್ಮ ಕಾಕಿಯ ಕೈಗೆ ಕೊಟ್ಟಿದ್ದೇನೆ. ಹರಿಯಬೇಕು ಅನ್ನಿಸಿದರೆ ಹರಿಯಿರಿ, ಆದರೆ ಓದಿದ ಮೇಲೆ.

ನಿಮ್ಮ ಹೃದಯ ಸೋತಿದೆ, ಎದೆಯೊಳಗೆ ಮಷೀನು ಕೂಡಿಸುತ್ತಾರೆ ಎಂದು ಕಾಕಿ ಹೇಳಿದ ದಿನ ನಾನು ಹೆದರಲಿಲ್ಲ, ಕುಣಿದಾಡಿದೆ. ಮಷೀನು ಅಂದರೆ ಬಲ ಅಂದುಕೊಂಡೆ, ಬೋರಿಗೆ ಮೋಟರು ಇಳಿಸಿದ ಹಾಗೆ. ನೀವು ಗುಂಡುಕಲ್ಲು ಹೆಗಲಿಗೇರಿಸಿಕೊಂಡ ಹಳೆಯ ಫೋಟೋ ತೆಗೆದು, ಎದೆಯ ಮೇಲೆ ಬ್ಯಾಟರಿ ಚಿತ್ರ ಅಂಟಿಸಿ, "ಬ್ಯಾಟರಿ ಪೈಲ್ವಾನ್! ಇನ್ನ ಮ್ಯಾಲ ಎರಡು ಗುಂಡು, ಒಂದೇ ಕೈ!" ಎಂದು ಹಾಕಿದೆ. ಸಂಜೆಯೊಳಗೆ ಅದು ಆಳಂದ, ಅಫಜಲಪುರ ದಾಟಿ ನಮ್ಮ ಜೇವರ್ಗಿಯ ಬಸ್‌ಸ್ಟ್ಯಾಂಡಿಗೂ ಬಂದಿತ್ತು. ನಾನು ಲೈಕ್ ಎಣಿಸುತ್ತ ಕೂತಿದ್ದೆ.

ನಿಮ್ಮೂರಲ್ಲಿ ಏನಾಯಿತು ಎನ್ನುವುದು ಆಮೇಲೆ ಕಾಕಿಯಿಂದ ತಿಳಿಯಿತು. ಚಹಾದಂಗಡಿಯ ಗುಡುಸಾಬ, ನಿಮ್ಮ ಜೊತೆಯೇ ಗರಡಿಯಲ್ಲಿ ಬೆಳೆದವರು, "ಏ ಪೈಲ್ವಾನ, ಚಾರ್ಜರ್ ತಂದೀಯೇನ್ಲೇ? ಪ್ಲಗ್ ಖಾಲಿ ಅದ ನೋಡು" ಅಂದರಂತೆ. ಅವರು ನಕ್ಕಿದ್ದು ಪ್ರೀತಿಗೆ. ನೀವು ಅರ್ಧ ಚಹಾ ಬಿಟ್ಟು ಎದ್ದು ಬಂದಿರಂತೆ. ಆಪರೇಷನ್ನಿನ ಚೀಟಿಯನ್ನು ಟ್ರಂಕಿನೊಳಗೆ ಒಗೆದು ಕಾಕಿಗೆ ಹೇಳಿದಿರಂತೆ: "ನಾ ಹ್ವಾದ ಮ್ಯಾಲ ಮಂದಿ ಏನಂತಾರ? ಇವ ಮೊದಲಿಂದನೂ ಮಷೀನಿನ ಮ್ಯಾಲೇ ಎತ್ತತಿದ್ದ ಅಂತಾರ. ಅಂಥಾ ಜೀವ ನನಗ ಬ್ಯಾಡ."

ಕಾಕಾ, ನಾನು ಏಳನೇ ಇಯತ್ತೆಯಲ್ಲಿದ್ದಾಗ ನೀವು ಅಂದೋಲಾಕ್ಕೆ ಬಂದಿದ್ದಿರಿ. ಕಾರಹುಣ್ಣಿಮೆಯ ಮರುದಿನ. ಮೂರು ಊರಿನ ಗಂಡಸರು ನಮ್ಮೂರ ಗುಂಡುಕಲ್ಲನ್ನು ಮೊಣಕಾಲಿನ ತನಕ ತಂದು ಬಿಟ್ಟಿದ್ದರು. ನೀವು ಅದಕ್ಕೆ ಕೈಮುಗಿದು, ಅಪ್ಪಿಕೊಂಡು, ಕೂಸನ್ನು ಎತ್ತಿಕೊಂಡ ಹಾಗೆ ಹೆಗಲಿಗೆ ತಂದಿರಿ. ಅಪ್ಪನ ಫೋನಿನಲ್ಲಿ ತೆಗೆದ ಆ ನಡುಗುವ ವಿಡಿಯೋದಿಂದಲೇ ಈ ಗ್ರೂಪು ಶುರುವಾಗಿದ್ದು. ಅಂಥವಳೇ ನಿಮ್ಮನ್ನು ಸಾವಿನ ಕಡೆ ಒಂದು ಹೆಜ್ಜೆ ತಳ್ಳಿದ್ದೇನೆ. ಸಾರಿ ಎಂದು ಕೈಮುಗಿಯುವ ಎಮೋಜಿ ಕಳಿಸಿ ಸುಮ್ಮನಾಗುವ ವಿಷಯವಲ್ಲ ಇದು.

ಅದಕ್ಕೇ ಕಾಕಿಯಿಂದ ನಿಮ್ಮ ಫೈಲು ಇಸಿದುಕೊಂಡು ಇಬ್ಬರೂ ಕಲಬುರಗಿಗೆ ಹೋದೆವು. ನಿಮ್ಮನ್ನು ನೋಡುವ ಡಾಕ್ಟರ್ ಮೈತ್ರೇಯಿ ಮೇಡಂ ಮುಂದೆ ಕೂತು, ಮಷೀನು ಎಷ್ಟು ಬಲ ಕೊಡುತ್ತದೆ ಎಂದು ಕೇಳಿದೆ. ಅವರು ನಕ್ಕರು. "ಬಲ ಕೊಡಂಗಿಲ್ಲವಾ. ಅವರ ಹೃದಯದ ಎಡಗಡಿ ಬಲಗಡಿ ಕೂಡಿ ಬಡಿಯವಲ್ಲವು. ಒಂದು ಮುಂದ, ಒಂದು ಹಿಂದ. ಅದಕ್ಕ ರಕ್ತ ಪೂರಾ ಹೊರಗ ಹೋಗವಲ್ಲದು, ಕಾಲು ಬಾತಾವ, ಮಲಗಿದ್ರ ದಮ್ಮು ಹತ್ತತದ. ಈ ಡಬ್ಬಿ ಎರಡೂ ಕಡಿಗೆ ಒಮ್ಮೆಲೇ ಹುಕುಂ ಕೊಡ್ತದ, ಅಷ್ಟ. ಬಡಿಯೋದು ಅವರ ಹೃದಯನ." ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದು, ಕಾಕಾ. ಕೊರಳೆಲುಬಿನ ಕೆಳಗೆ ಚರ್ಮದಡಿ ಕೂಡುತ್ತದೆ, ಅದರಿಂದ ಮೂರು ತೆಳು ತಂತಿ ಹೃದಯಕ್ಕೆ ಇಳಿಯುತ್ತವೆ. ಚಾರ್ಜರೂ ಬೇಡ, ಪ್ಲಗ್ಗೂ ಬೇಡ.

ಅವರ ಮಾತು ಕೇಳುತ್ತಿದ್ದಾಗ ನನ್ನ ಕಣ್ಣ ಮುಂದೆ ನಿಮ್ಮೂರ ಫ್ಯಾಕ್ಟರಿ ರಸ್ತೆ ಬಂದು ನಿಂತಿತು. ಹೋದ ಸುಗ್ಗಿಯಲ್ಲಿ ನಿಮ್ಮನ್ನು ನೋಡಲೆಂದೇ ಬಂದಿದ್ದೆನಲ್ಲ, ಅವತ್ತು ಕಬ್ಬಿನ ಟ್ರೈಲರ್ ಗಾಲಿ ಗುಂಡಿಯಲ್ಲಿ ಕೂತಿತ್ತು. ಹನ್ನೆರಡು ಮಂದಿ ದಬ್ಬುತ್ತಿದ್ದರು, ಒಬ್ಬೊಬ್ಬರು ಒಂದೊಂದು ಹೊತ್ತಿಗೆ. ನಿಮಗೆ ಆಗಲೇ ದಮ್ಮು. ಕೈ ಹಚ್ಚಲಾಗದೆ ರಸ್ತೆ ಮೋರಿಯ ಕಟ್ಟೆಯ ಮೇಲೆ ನಿಂತು ಬೈದಿರಿ: "ಏ ನಿಂದರ್ರಲೇ! ಒಬ್ಬ ಈಗ, ಒಬ್ಬ ಆಗ ದಬ್ಬಿದ್ರ ಅದೇನು ನಿಮ್ಮ ಬೀಗರ ಮನಿ ಬಾಗಲೇನು? ನಾ ಹೈಸಾ ಅಂದಾಗ ದಬ್ರಿ." ಮೂರನೇ ಹೈಸಾಕ್ಕೆ ಗಾಲಿ ಮೇಲೆ ಬಂತು. ಡ್ರೈವರ್ ನಿಮ್ಮ ಕಾಲಿಗೆ ಬೀಳಲು ಬಂದಾಗ ನೀವೇ ಅಂದಿರಿ, "ನನಗ್ಯಾಕ? ಎತ್ತಿದವರು ಇವರು. ನಾ ಬರೇ ಒದರೀನಿ."

ಆ ಡಬ್ಬಿಯೂ ಬರೇ ಒದರುತ್ತದೆ, ಕಾಕಾ. ಎತ್ತುವವರು ನೀವೇ.

ಸುಳ್ಳು ಆಸೆ ಹಚ್ಚುವುದಿಲ್ಲ. ಗುಂಡು ಎತ್ತಬಹುದೇ ಎಂದೂ ಮೇಡಂ ಅವರನ್ನು ಕೇಳಿದೆ. "ಮೊದಲ ಅವರು ಮಹಡಿ ಏರಲಿ. ಗುಂಡಿನ ಮಾತು ಬಿಡು" ಅಂದರು. ಎಲ್ಲರಿಗೂ ಒಂದೇ ಸಮ ಗುಣವಾಗುತ್ತದೆಂದು ಬರೆದು ಕೊಡುವುದಿಲ್ಲ, ಆದರೆ ನಿಮ್ಮ ಇಸಿಜಿ ನೋಡಿದರೆ ಭರವಸೆಯಿದೆ, ಗುಳಿಗೆ ಮಾತ್ರ ಬಿಡಬಾರದು ಎಂದರು. ಅಂದರೆ ಅಂದೋಲಾದ ಆ ಗುಂಡು ಇನ್ನು ನಿಮ್ಮ ಹೆಗಲಿಗೆ ಬರುವುದಿಲ್ಲ. ಆದರೆ ಎತ್ತಿದ್ದು ಎತ್ತಿದ್ದೇ. ಅದನ್ನು ಯಾವ ಮಷೀನೂ ಹಿಂದಕ್ಕೆ ಹೋಗಿ ಎತ್ತಲಾರದು. ವಿಡಿಯೋ ನನ್ನ ಬಳಿ ಇದೆ, ತಾರೀಖಿನ ಸಮೇತ.

ನನ್ನ ಪೋಸ್ಟು ಅಳಿಸಿದೆ. ಮಾಡಿದ ತಪ್ಪನ್ನು ನನ್ನ ಹೆಸರಿನಲ್ಲೇ ಬರೆದು ಹಾಕಿ, ಕೆಳಗೆ ಅವತ್ತು ನಾನು ತೆಗೆದಿದ್ದ ಟ್ರೈಲರಿನ ವಿಡಿಯೋ ಹಚ್ಚಿದ್ದೇನೆ. ಬೈದವರು ಬೈದರು, ಕೆಲವರು ಗ್ರೂಪು ಬಿಟ್ಟರು. ಗುಡುಸಾಬ ಕಾಕಾ ಮಾತ್ರ ಒಂದು ವಾಯ್ಸ್ ಮೆಸೇಜ್ ಕಳಿಸಿದರು: "ಅವನಿಗೆ ಹೇಳವಾ, ಅರ್ಧ ಚಹಾ ಇನ್ನೂ ಬಾಕಿ ಅದ. ಬಂದು ಕುಡಿ ಅನ್ನು." ಅಷ್ಟು ಹೇಳುವುದರೊಳಗೆ ಎರಡು ಸಲ ಮೂಗು ಎಳೆದುಕೊಂಡಿದ್ದು ಕೇಳಿಸಿತು.

ಮೇಡಂ ಮತ್ತೆ ತಾರೀಖು ಕೊಟ್ಟಿದ್ದಾರೆ, ಈ ಗುರುವಾರ. ಚೀಟಿ ಟ್ರಂಕಿನಲ್ಲಿಲ್ಲ, ಕಾಕಿಯ ಚೀಲದಲ್ಲಿದೆ. ಬುಧವಾರವೇ ಬಂದು ನಿಮ್ಮ ಮನೆಯಲ್ಲೇ ಮಲಗುತ್ತೇನೆ. ಬೈದರೂ ಹೋಗುವುದಿಲ್ಲ. ಬೆಳಿಗ್ಗೆ ಮೊದಲ ಬಸ್ಸಿಗೆ ಹೊಸ್ತಿಲಾಚೆ ನಿಂತು ಒಂದೇ ಸಲ ಹೈಸಾ ಅನ್ನುತ್ತೇನೆ. ನಾನು ಬರೇ ಒದರುವವಳು. ಕಾಲೆತ್ತಬೇಕಾದವರು ನೀವು.

ಆ ಗುಂಡನ್ನು ಹೊತ್ತ ಎದೆ ಇನ್ನಷ್ಟು ಕಾರಹುಣ್ಣಿಮೆ ನೋಡಲಿ, ಕಾಕಾ.

ನಿಮ್ಮ ಬಯ್ಗಳಕ್ಕಾಗಿ ಕಾದಿರುವ,
ಶಿವಗಂಗಾ