‘ನಿಲ್ಲಿಸಿದಳು’ ಎಂಬ ಕ್ರಿಯಾಪದದ ಬಗ್ಗೆ

ಮಾನ್ಯ ವಿಭಾಗಾಧಿಕಾರಿಗಳಿಗೆ ನಮಸ್ಕಾರ.

ತಮ್ಮ ವಿಭಾಗದ ನೆಟ್‌ವರ್ಕ್ ನೋಡಿಕೊಳ್ಳುವ ನನ್ನ ಮಗಳು ರೌಟರಿನ ಲಾಗ್ ಅನ್ನು, ಅಂದರೆ ಯಂತ್ರ ತಾನೇ ಬರೆದಿಡುವ ದಿನಚರಿಯನ್ನು, ‘ನಿಲ್ಲಿಸಿದ್ದರಿಂದ’ ಅದು ಕೆಟ್ಟ ಕಾರಣ ತಿಳಿಯಲಿಲ್ಲ ಎಂಬ ತಮ್ಮ ವರದಿ ತಪ್ಪು. ಅವಳು ಲಾಗ್‌ನ ಮಟ್ಟವನ್ನು ‘ಇಳಿಸಿದಳು’. ಹಾದುಹೋಗುವ ಮಾಹಿತಿಯ ಪ್ರತಿ ತುಣುಕಿಗೂ, ಅಂದರೆ ಪ್ರತಿ ಪ್ಯಾಕೆಟ್ಟಿಗೂ, ಒಂದು ಸಾಲು ಬರೆಯುತ್ತಿದ್ದ ಯಂತ್ರ, ಅಂದಿನಿಂದ ದೋಷಗಳನ್ನಷ್ಟೇ ಬರೆಯಿತು. ಅವಳ ಕೆಲಸ ಉಳಿಯುವುದು ಈ ಒಂದು ಕ್ರಿಯಾಪದದ ಮೇಲೆ ನಿಂತಿದೆ.

ಇಳಿಸಲು ಹೇಳಿದವರು ತಾವೇ. “ಎಲ್ಲಾನೂ ಬರ್ಕೊಂಡ್ ಕೂತ್ರೆ ಅದು ಪ್ಯಾಕೆಟ್ ಕಳ್ಸೋದ್ಯಾವಾಗ, ತಾಯಿ? ಮೊದ್ಲು ಲೆವೆಲ್ ಇಳಿಸಮ್ಮ!” ನಮ್ಮ ಊಟದ ಮೇಜಿನ ಮೇಲಿದ್ದ ಫೋನಿನ ಸ್ಪೀಕರಿನಲ್ಲಿ ಕೇಳಿದ ಮಾತಿದು, ನಾನು ತಿದ್ದಿಲ್ಲ.

ತಾವು ಕೇಳಿರುವ ತಪ್ಪೊಪ್ಪಿಗೆಯನ್ನು ಅವಳು ಬರೆಯುವುದಿಲ್ಲ. ವರದಿಯನ್ನು ದಯವಿಟ್ಟು ತಿದ್ದಿ ಕಳುಹಿಸಿ. ಇಲ್ಲವಾದರೆ ಅಂದು ಕೇಳಿಸಿಕೊಂಡವರೆಲ್ಲ ವಿಚಾರಣೆಗೆ ಬರುತ್ತೇವೆ.

ಇಂತಿ,
ನಿವೃತ್ತ ಮುಖ್ಯೋಪಾಧ್ಯಾಯಿನಿ

ಹಾಜರಿದ್ದವರು: ನಾನು, ಅಳಿಯ, ಬೀಗಿತ್ತಿ, ಅಳತೆಗೆ ಬಂದಿದ್ದ ದರ್ಜಿ, ಫೋನಿನ ಆ ತುದಿಯಲ್ಲಿ ತಾವು.