ಜಗಳೂರಿನ ಆ ಒಂದು ನಿಮಿಷ

ಮೇಷ್ಟ್ರೇ,

ನೀವು ಮೊದಲ ಸಲ ನನ್ನ ಕ್ಯಾಮೆರಾ ಮುಂದೆ ಕೂತ ದಿನ ನೆನಪಿದೆಯೇ? ಹೊನ್ನಾಳಿ ಕಾಲೇಜಿನಲ್ಲಿ ನಿಮ್ಮ ತತ್ತ್ವಶಾಸ್ತ್ರದ ಪಾಠಕ್ಕೆ ಹಿಂದಿನ ಬೆಂಚಿನಲ್ಲಿ ತೂಕಡಿಸಿ, ನ್ಯಾಮತಿಗೆ ಬಂದು ಸ್ಟುಡಿಯೊ ತೆರೆದು, ಬರೀ ಮದುವೆ ವಿಡಿಯೊ ಮಾಡಿಕೊಂಡಿದ್ದವಳು ನಾನು. ನನ್ನ ಮೊದಲ ಸಾಕ್ಷ್ಯಚಿತ್ರಕ್ಕೆಂದು ನಿಮ್ಮ ಮನೆಯ ಪುಸ್ತಕದ ಕಪಾಟಿನ ಮುಂದೆ ನಿಮ್ಮನ್ನು ಕೂರಿಸಿ ಬೆಳಕು ಹೊಂದಿಸಿದರೆ ನೀವು ಎದ್ದೇ ಬಿಟ್ಟಿರಿ. "ಪ್ರಶ್ನೆ ಕೇಳೋರು ಎಲ್ಲಿ ಕೂರ್ತಾರವ್ವಾ? ಅವರೂ ನನ್ನ ಪಕ್ಕ ಕಾಣ್ಬೇಕು. ಇಲ್ದಿದ್ರೆ ಪ್ರವಚನ ಆಗ್ತೈತೆ" ಎಂದಿರಿ. ಆಮೇಲೆ ಚುನಾವಣೆ, ಜಾತಿ, ಧರಣಿ ಎಂದು ಯಾರು ಯಾವ ಸಾಕ್ಷ್ಯಚಿತ್ರಕ್ಕೆ ಕರೆದರೂ ನಿಮ್ಮದು ಅದೊಂದೇ ಷರತ್ತು. ಹೆಸರುವಾಸಿ ನಿರ್ದೇಶಕರೂ ಗೊಣಗುತ್ತಲೇ ಒಪ್ಪಿಕೊಂಡರು.

ಜಗಳೂರಿನ ದಿನವಂತೂ... ಶಾಲೆಗಳ ಬಿಸಿಯೂಟದ ಅಡುಗೆಯವರು ಧರಣಿ ಕೂತಿದ್ದರು, ನಾನು ಅದರ ಚಿತ್ರ ಮಾಡುತ್ತಿದ್ದೆ. ದುಡಿಮೆಯ ಘನತೆಯ ಬಗ್ಗೆ ನೀವು ಬಲು ಚೆನ್ನಾಗಿ ಮಾತಾಡುತ್ತಿದ್ದಿರಿ. ನಿಮ್ಮ ಪಕ್ಕದಲ್ಲಿದ್ದ ಅಡುಗೆಯ ತಿಪ್ಪಮ್ಮ ಮೆಲ್ಲಗೆ ಕೇಳಿದರು: "ಇಷ್ಟೆಲ್ಲ ಹೇಳ್ತೀರಲ್ರೀ ಸಾರ್, ನಿಮ್ಮನೇಲಿ ಉಂಡ ತಟ್ಟೆ ಯಾರು ತೊಳಿತಾರೆ?" ನೀವು ಬಾಯಿ ತೆರೆದಿರಿ, ಮುಚ್ಚಿದಿರಿ. ಪೂರಾ ಒಂದು ನಿಮಿಷ. ಕೊನೆಗೆ, "ನನ್ನ ಹೆಂಡ್ತಿ. ನಾನು ಒಂದು ದಿನಾನೂ ತೊಳೆದಿಲ್ಲ" ಎಂದಿರಿ. ನನ್ನ ಕೈ ಕ್ಯಾಮೆರಾ ಆರಿಸಲು ಹೋಗಿತ್ತು. ಮದುವೆ ವಿಡಿಯೊದವರ ಚಾಳಿ ಅದು, ಬೀಗರ ಜಗಳ ಶುರುವಾದರೆ ನಿಲ್ಲಿಸಿಬಿಡುತ್ತೇವೆ. ನೀವು ಕಣ್ಣಲ್ಲೇ ಗದರಿದಿರಿ. ವಾಪಸ್ ಬರುವಾಗ ಬಸ್ಸಿನಲ್ಲಿ, "ಇಷ್ಟು ಚಿತ್ರದಾಗೆ ನಾನು ನಿಜವಾಗಿ ಕಾಣಿಸ್ಕೊಂಡಿದ್ದು ಇವತ್ತೇ. ಅದನ್ನ ಮಾತ್ರ ಕತ್ತರಿಸಬ್ಯಾಡ" ಎಂದು ಮಾತು ತೆಗೆದುಕೊಂಡಿರಿ. ಎರಡು ವಾರಕ್ಕೆ ನೀವೇ ಹೊರಟುಹೋದಿರಿ.

ಕಳೆದ ತಿಂಗಳು ಚನ್ನಗಿರಿಯಲ್ಲಿ ನಿಮ್ಮ ಹಳೆಯ ಶಿಷ್ಯರು ನನ್ನನ್ನು ಕರೆಸಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕೊಟ್ಟರು. ನಿಮ್ಮ ನೆನಪಿಗೆ ದೊಡ್ಡ ಹಾಲ್‌ನಲ್ಲಿ ಆ ಚಿತ್ರ ತೋರಿಸಬೇಕಂತೆ. "ಆದ್ರೆ ಆ ಒಂದು ನಿಮಿಷ ತೆಗಿಯಮ್ಮಾ. ಸತ್ತೋರ ಮರ್ಯಾದೆ ಪ್ರಶ್ನೆ. ನಿಂದೇನು ಗಂಟು ಹೋಗ್ತೈತೆ?" ಎಂದರು ಅವರ ಸಂಘದ ಅಧ್ಯಕ್ಷರು. ನನಗೆ ಮೈಯೆಲ್ಲ ಉರಿಯಿತು. ಬದುಕಿದ್ದಾಗ ನೀವೇ ಕೇಳದ ಮರ್ಯಾದೆಯನ್ನು ಹೊದಿಸಲು ಇವರು ಯಾರು? "ತೆಗೆಯಲ್ಲ" ಎಂದೆ. "ಹಂಗಾರೆ ಹಾಲ್ ಇಲ್ಲ." "ಬೇಡ ಬಿಡಿ." ಬಜ್ಜಿಯನ್ನು ಮಾತ್ರ ಪೂರ್ತಿ ತಿಂದೇ ಎದ್ದು ಬಂದೆ.

ಮೊನ್ನೆ ಭಾನುವಾರ ಹೊನ್ನಾಳಿಯ ನಿಮ್ಮ ಮನೆಯ ನಡುಮನೆಯಲ್ಲೇ, ನಿಮ್ಮ ಪಂಚೆಯನ್ನು ಗೋಡೆಗೆ ಕಟ್ಟಿ ಚಿತ್ರ ತೋರಿಸಿದೆ. ನೋಡಿದ್ದು ನಿಮ್ಮ ಹೆಂಡತಿ ಗೌರಮ್ಮನವರು ಒಬ್ಬರೇ. ಅವರು ನಿಮ್ಮ ಒಂದು ಚಿತ್ರವನ್ನೂ ನೋಡಿರಲಿಲ್ಲ, ಗೊತ್ತೇ ನಿಮಗೆ? ಚಿತ್ರದವರು ಬಂದಾಗಲೆಲ್ಲ ಒಳಗೆ ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದರು. ನಾನೂ ಎಷ್ಟೋ ಸಲ ತಿಂದು, ತಟ್ಟೆ ಅಲ್ಲೇ ಬಿಟ್ಟು ಎದ್ದಿದ್ದೇನೆ. ನಾಚಿಕೆಯಾಯಿತು. ಆ ನಿಮಿಷ ಬಂದಾಗ ಅವರು ನಗಲಿಲ್ಲ, ಅಳಲಿಲ್ಲ. "ಇನ್ನೊಂದ್ಸಲ ಹಾಕು" ಎಂದರು. ಮೂರು ಸಲ ನೋಡಿದರು. ಆಮೇಲೆ, "ಆ ಹೆಣ್ಮಗಳು ಒಂದೇ ಕೇಳಿದ್ಲು. ಕೇಳಾಕೆ ನನ್ನತ್ರ ಬಾಳ ಐತೆ. ಕ್ಯಾಮೆರಾ ತಂದೀಯಾ?" ಎಂದರು.

ತಂದಿದ್ದೆ. ಅವರು ಕಪಾಟಿನ ಮುಂದೆ, ನಿಮ್ಮ ಕುರ್ಚಿಯಲ್ಲೇ ಕೂತರು. ಕೇಳುವವರೂ ಉತ್ತರ ಕೊಡಬೇಕಾದವರೂ ಒಟ್ಟಿಗೆ ಕಾಣಬೇಕು, ನಿಮ್ಮದೇ ಷರತ್ತು. ಗೋಡೆಯ ಮೇಲಿದ್ದ ನಿಮ್ಮ ಫೋಟೊ ಇಳಿಸಿ ಅವರ ಪಕ್ಕದ ಸ್ಟೂಲಿನ ಮೇಲಿಟ್ಟೆ. ಅವರು ಒಮ್ಮೆ ತಿರುಗಿ ನೋಡಿದರು.

"ಆ ಹಾರ ತೆಗಿ. ಮಖ ಪೂರ್ತಿ ಕಾಣ್ಲಿ."

ತೆಗೆದೆ. ಈ ಹೊಸ ಚಿತ್ರವನ್ನು ಜಗಳೂರಿನಲ್ಲೂ ತೋರಿಸುತ್ತೇನೆ, ಹಾಲ್ ಕೊಡದ ಚನ್ನಗಿರಿಯಲ್ಲೂ ಬಸ್ ಸ್ಟ್ಯಾಂಡಿನ ಎದುರು ಪರದೆ ಕಟ್ಟಿ ತೋರಿಸುತ್ತೇನೆ. ಗೌರಮ್ಮನವರು ಕೇಳಿದ್ದರಲ್ಲಿ ಒಂದು ಮಾತೂ ಕತ್ತರಿಸುವುದಿಲ್ಲ, ಮೇಷ್ಟ್ರೇ. ಪ್ರತಿ ಪ್ರಶ್ನೆಯ ನಂತರ ನೀವು ಸುಮ್ಮನಿರುವುದನ್ನೂ.