ಪಿಯಾನೊಗೆ ಬಳಿದ ಗಂಜಿ

ಚಳ್ಳಕೆರೆ
3 ಫೆಬ್ರವರಿ 2025

ಪ್ರೀತಿಯ ಮಗಳು ಜ್ಯೋತಿಲಕ್ಷ್ಮಿಗೆ,

ನಿನ್ನ ಅಪ್ಪನ ಆಶೀರ್ವಾದಗಳು. ಹೇಗಿದ್ದೀಯ ತಾಯಿ? ಚೆನ್ನೈನ ಹಾಸ್ಟೆಲ್ ಊಟ ಹೊಟ್ಟೆಗೆ ಹೊಂದುತ್ತಿದೆಯೋ ಇಲ್ಲವೋ, ಬಲಗೈ ಮಣಿಕಟ್ಟಿನ ನೋವು ಇಳಿಯಿತೋ ಇಲ್ಲವೋ, ಒಂದೂ ತಿಳಿಯದು. ಮೂರು ವಾರದಿಂದ ನೀನು ಫೋನ್ ಎತ್ತುತ್ತಿಲ್ಲ. ಇಲ್ಲಿ ನಾವು ಕ್ಷೇಮ. ಉಣ್ಣೆ ತರಲು ದೇವಸಮುದ್ರಕ್ಕೆ ಹೋದ ನಿಮ್ಮವ್ವ ತನ್ನ ಅಕ್ಕನ ಮನೆಯಲ್ಲೇ ಉಳಿದುಕೊಂಡಿದ್ದಾಳೆ. ಅವಳಿಲ್ಲದ ಹೊತ್ತು ನೋಡಿಯೇ ಇದನ್ನು ಬರೆಯಲು ಕೂತಿದ್ದೇನೆ, ಅಷ್ಟು ಧೈರ್ಯವಂತ ನಾನು.

ಹಂಗೇರಿಯ ಆ ಸಂಗೀತ ಶಾಲೆಯವರು ನಿನ್ನ ರೆಕಾರ್ಡಿಂಗ್ ಕೇಳಿ, ಸ್ವರಗಳೆಲ್ಲ ಗಡುಸು, ಮೃದುತ್ವವೇ ಇಲ್ಲ ಎಂದು ತಿರಸ್ಕರಿಸಿದರು ಎಂದು ಮೆಸೇಜ್ ಹಾಕಿದ್ದೆಯಲ್ಲ. ಅದರ ಕೆಳಗೇ "ಉಣ್ಣೆ ಹಿಂಜಿದ ಕೈ ಅಪ್ಪಾ ಇದು, ಪಿಯಾನೊಗೆ ಆಗಲ್ಲ, ಬಿಟ್ಬಿಡ್ತೀನಿ" ಅಂತ ಇತ್ತು. ಅದನ್ನು ಎಷ್ಟು ಸಲ ಓದಿದೆನೋ ನನಗೇ ಗೊತ್ತಿಲ್ಲ. ಜ್ಯೋತಿ, ತಪ್ಪು ನಿನ್ನ ಕೈಯದಲ್ಲ, ನನ್ನದು.

ಹೋದ ಮಳೆಗಾಲದಲ್ಲಿ ಒಂದು ದಿನ ಧೂಳು ಒರೆಸಲೆಂದು ಮನೆಯಲ್ಲಿರುವ ನಿನ್ನ ಪಿಯಾನೊದ ಮುಂದಿನ ಹಲಗೆ ತೆಗೆದೆ. ತಂತಿಗೆ ಬಡಿಯುವ ಪುಟ್ಟ ಸುತ್ತಿಗೆಗಳ ತುದಿಗೆ ಸುತ್ತಿರುವುದು ಉಣ್ಣೆಯೇ ಎಂದು ಅವತ್ತೇ ನನಗೆ ಗೊತ್ತಾದದ್ದು. ಎಳೆ ಎದ್ದಿತ್ತು, ಅಲ್ಲಲ್ಲಿ ನುಸಿ ತಿಂದಿತ್ತು. ನಲವತ್ತು ವರ್ಷ ಕಂಬಳಿ ನೇಯ್ದವನು, ಉಣ್ಣೆ ಕಂಡರೆ ಕೈ ಸುಮ್ಮನಿರುತ್ತದೆಯೇ? ಕಂಬಳಿಗೆ ಹಾಕುವ ಹಾಗೆಯೇ ಹುಣಸೆ ಬೀಜದ ಗಂಜಿ ಕಾಯಿಸಿ, ತೆಳ್ಳಗೆ ಮಾಡಿ, ಎಂಬತ್ತೆಂಟು ಸುತ್ತಿಗೆಗೂ ಬಳಿದು ಒಣಗಿಸಿದೆ. ಚೆನ್ನಾಗಿ ಬಿಗಿಯಾದವು. ಒಳ್ಳೆಯ ಕೆಲಸ ಮಾಡಿದೆನೆಂದು ಬೀಗಿದೆ ಕೂಡ.

ದೀಪಾವಳಿಗೆ ಬಂದ ನೀನು ನುಡಿಸಲು ಕೂತ ಮೊದಲ ದಿನವೇ ಕೇಳಿದೆ, "ಅಪ್ಪಾ, ಈ ಸಲ ಇದರ ಸದ್ದು ಯಾಕೋ ಗಡುಸಾಗೈತೆ." ಇದು ಗಂಜಿಯ ಕೆಲಸವೇ ಎಂದು ನನಗೆ ಆಗಲೇ ಹೊಳೆಯಿತು. "ಚಳಿಗೆ ಹಂಗಾಗೈತೆ ಬಿಡವ್ವ" ಎಂದುಬಿಟ್ಟೆ. ಗಂಜಿ ಬಳಿದದ್ದು ತಿಳಿಯದೆ. ಈ ಮಾತು ಆಡಿದ್ದು ತಿಳಿದೇ. ನೀನು ಅಪ್ಪನ ಮಾತು ನಂಬಿ, ಅದೇ ಪಿಯಾನೊದ ಮೇಲೆ ಹದಿನೈದು ದಿನ ಮಣಿಕಟ್ಟು ನೋಯುವ ತನಕ ಒದ್ದಾಡಿ, ರೆಕಾರ್ಡ್ ಮಾಡಿ ಕಳಿಸಿದೆ. ಹೋದ ವಾರ ಬೆಂಗಳೂರಿನಿಂದ ಪಿಯಾನೊ ರಿಪೇರಿಯವರನ್ನು ಕರೆಸಿದ್ದೆ. ಒಳಗೆ ನೋಡಿ ತಲೆಯ ಮೇಲೆ ಕೈ ಹೊತ್ತರು. ಇದರಲ್ಲಿ ಯಾರು ನುಡಿಸಿದರೂ ಕಲ್ಲು ಕುಟ್ಟಿದ ಹಾಗೆಯೇ ಕೇಳುತ್ತದೆ ಎಂದರು.

ನೀನು ಒಂಬತ್ತು ವರ್ಷದವಳಿದ್ದಾಗ ಶಾಲೆಯ ಸಿಸ್ಟರ್ ನಿನಗೆ ಕಲಿಸುವುದನ್ನು ಕಿಟಕಿಯ ಹೊರಗೆ ನಿಂತು ನೋಡುತ್ತಿದ್ದೆ. ಒಂದೇ ಸಾಲು ನಲವತ್ತು ಸಲ. ನನಗೆ ಬೇಜಾರಾಗುತ್ತಿತ್ತು, ನಿನಗಿಲ್ಲ. ಅವರು ನಿವೃತ್ತರಾಗಿ ಹೊರಟಾಗ ಈ ಪಿಯಾನೊವನ್ನು ನಿನಗೇ ಕೊಟ್ಟು, "ಹುಡುಗಿ ಕೈ ಬಹಳ ಮೆದು, ಜೋಪಾನ" ಎಂದು ನನಗೆ ಹೇಳಿ ಹೋದರು. ನಾನು ಮಾಡಿದ ಜೋಪಾನ ಇದು. ಚೆನ್ನೈನಲ್ಲಿ ನಿನ್ನ ಮೊದಲ ಕಛೇರಿ ನೆನಪಿದೆಯಾ? ನೀನು ಮಧ್ಯೆ ನಿಲ್ಲಿಸಿದಾಗ ಮುಗಿಯಿತೆಂದು ಇಡೀ ಸಭೆಯಲ್ಲಿ ನಾನೊಬ್ಬನೇ ಚಪ್ಪಾಳೆ ತಟ್ಟಿದೆ. ಎಲ್ಲರೂ ತಿರುಗಿ ನೋಡಿದರು, ನೀನು ಮಾತ್ರ ನಕ್ಕು ಮುಂದಿನ ಭಾಗ ಶುರು ಮಾಡಿದೆ. ನಿನ್ನ ಸಂಗೀತ ನನಗೆ ತಿಳಿಯುವುದು ಅಷ್ಟೇ. ಆದರೂ ಅವತ್ತು ಅತ್ತಿದ್ದೇನೆ. ಆ ಕೈಯನ್ನು ಹಳಿಯಬೇಡ ಮಗಳೇ. ಅದನ್ನು ನನ್ನಿಂದ ಸಹಿಸಲಾಗುವುದಿಲ್ಲ.

ನಿಮ್ಮವ್ವ ಬಂದ ಕೂಡಲೇ ಅವಳಿಗೂ ಹೇಳುತ್ತೇನೆ. ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನ್ನ ಹತ್ತು ಬೆರಳನ್ನೂ ಕಾಯಲಿ.

ನಿನ್ನ ಅಪ್ಪ,
ಹುಲಿಯಪ್ಪ

ಮತ್ತೊಂದು ಮಾತು: ಮರೆತು ಅಲ್ಲ, ಬೇಕೆಂದೇ ಇದನ್ನು ಕೊನೆಗೆ ಬರೆಯುತ್ತಿದ್ದೇನೆ. ತಳಕಿನ ಹೈಸ್ಕೂಲಿನ ಮಹಾಂತೇಶ ಮೇಷ್ಟ್ರ ಕೈಲಿ ನಾನು ಮಾಡಿದ್ದನ್ನೆಲ್ಲ ಇಂಗ್ಲಿಷಿನಲ್ಲಿ ಬರೆಸಿ, ರಿಪೇರಿಯವರು ತೆಗೆದ ಫೋಟೋ ಸಮೇತ ಹಂಗೇರಿಯ ಆ ಶಾಲೆಗೆ ಇಮೇಲ್‌ನಲ್ಲಿ ಕಳಿಸಿದ್ದೆ. ನಿನ್ನೆ ಉತ್ತರ ಬಂತು. ಇಪ್ಪತ್ತನೇ ತಾರೀಖಿನೊಳಗೆ ಬೇರೆ ಪಿಯಾನೊದಲ್ಲಿ ನುಡಿಸಿ ಕಳಿಸಿದರೆ ಇನ್ನೊಮ್ಮೆ ಕೇಳುತ್ತಾರಂತೆ. ಇದನ್ನೇ ಮೊದಲು ಬರೆದಿದ್ದರೆ ನೀನು ಖುಷಿಯಲ್ಲಿ ನನ್ನ ಸುಳ್ಳನ್ನು ಓದದೆ ದಾಟಿಬಿಡುತ್ತಿದ್ದೆ. ಈಗ ಹೋಗಿ ನುಡಿಸು. ನನ್ನನ್ನು ಕ್ಷಮಿಸುವ ವಿಚಾರ ನಿಧಾನಕ್ಕೆ ನೋಡು, ಅದಕ್ಕೆ ಕೊನೆಯ ತಾರೀಖಿಲ್ಲ.